ನೂರ ಎಂಬತ್ತನೆಯ ದಿನ

ಟೈಂಟೇಬಲ್ ರಾಯರ ಪಡಿಪಾಟಲೆಲ್ಲ ಶುರುವಾದದ್ದು ಒಂದೇ ಒಂದು 'ಅಯ್ಯೋ'ದಿಂದ. ಬೆಳಿಗ್ಗೆ ಎಂಟು ಗಂಟೆಗೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಬಲಪಕ್ಕೆಯ ಕೆಳಗೆ ಯಾರೋ ಇಕ್ಕಳ ಹಾಕಿ ತಿರುಚಿದಂತಾಯಿತು. ಹತ್ತು ದಿನದಿಂದ ಆ ನೋವನ್ನು ಅವರು ಹಲ್ಲು ಕಚ್ಚಿ ಸಹಿಸಿಕೊಂಡು ಬಂದಿದ್ದರು. ಇನ್ನೊಂದೇ ಒಂದು ದಿನ ಸಹಿಸಿದ್ದರೆ ಸಾಕಿತ್ತು. ಆದರೆ ಕಚ್ಚಿದ ಹಲ್ಲಿನ ಸಂದಿಯಿಂದ ಅಯ್ಯೋ ಜಾರಿಯೇಬಿಟ್ಟಿತು. ಜಾರಿದ್ದೂ ಎಲ್ಲಿ, ಮೊದಲ ಮಹಡಿಯ ನರ್ಸಮ್ಮನ ಬಾಗಿಲ ಮುಂದೆ.

ನರ್ಸಮ್ಮ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ನೋಡಿಕೊಳ್ಳಲು ಒಬ್ಬ ರೋಗಿಯೂ ಇಲ್ಲದೆ ಎರಡು ವರ್ಷದಿಂದ ಕೈಕೈ ಹಿಸುಕಿಕೊಳ್ಳುತ್ತಿದ್ದರು. ಬಾಗಿಲು ತಟ್ಟನೆ ತೆರೆಯಿತು.

"ಏನಾಯ್ತು ಸಾರ್?"

"ಏನಿಲ್ಲಮ್ಮ. ಕಾಲ್ಬೆರಳು ಮೆಟ್ಟಿಲಿಗೆ ತಾಗ್ತು."

"ಕಾಲಿಗೆ ತಾಗಿದ್ರೆ ಕೈ ಯಾಕೆ ಪಕ್ಕೆ ಮೇಲಿದೆ?"

ರಾಯರು ಗಡಿಬಿಡಿಯಲ್ಲಿ ಪಕ್ಕೆ ಬಿಟ್ಟು ಕಾಲು ಹಿಡಿದುಕೊಂಡರು. ಹಿಡಿದದ್ದು ಎಡಗಾಲು, ಕುಂಟುತ್ತ ಮೇಲೆ ಹೋದದ್ದು ಬಲಗಾಲಿನಲ್ಲಿ. ಮೂವತ್ತನಾಲ್ಕು ವರ್ಷ ಪಳಗಿದ ಕಣ್ಣು ಅದನ್ನೂ ಗಮನಿಸಿತು.

ಟೈಂಟೇಬಲ್ ಎಂಬುದು ರಾಯರಿಗೆ ಕಸುಬಿನಿಂದ ಬಂದ ಹೆಸರು. ತಮ್ಮ ದೇಶದ ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು, ಯಾವ ಗಾಡಿ ಯಾವ ನಿಲ್ದಾಣವನ್ನು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಿಡಬೇಕೆಂದು ಬರೆದವರು ಅವರು. ಐವತ್ತಮೂರಕ್ಕೇ ಸ್ವಯಂ ನಿವೃತ್ತಿ ತೆಗೆದುಕೊಂಡು, ಮನೆ ಮಾರಿ, ಹೆಂಡತಿಯೊಡನೆ ಈ ಪರದೇಶದ ಕಡಲತೀರದ ಪಟ್ಟಣಕ್ಕೆ ಬಂದು ನೆಲೆಸಿದ್ದರು. ಇಲ್ಲಿ ಗಾಳಿ ಶುದ್ಧ, ಬಾಡಿಗೆ ಕಡಿಮೆ, ಕಾಯಿಲೆ ಬೀಳಲು ಕಾರಣವೇ ಇಲ್ಲ ಎಂದು ಬೀಳ್ಕೊಡಲು ಬಂದವರಿಗೆಲ್ಲ ಹೇಳಿದ್ದರು.

ಬಂದ ಮೇಲೆ ಗೊತ್ತಾಯಿತು, ಇಲ್ಲಿನ ಸರ್ಕಾರಿ ಆಸ್ಪತ್ರೆಯ ಕಾರ್ಡು ಕೆಲಸದಲ್ಲಿರುವವರಿಗೆ ಸಿಗುತ್ತದೆ, ಇಲ್ಲವೆ ಅರವತ್ತು ದಾಟಿದವರಿಗೆ. ಕೆಲಸವನ್ನೂ ಬಿಟ್ಟು ಅರವತ್ತನ್ನೂ ಮುಟ್ಟದ ರಾಯರದು ತ್ರಿಶಂಕು ಸ್ಥಿತಿಯಾಯಿತು. ಇಲ್ಲಿನ ವಿಮಾ ಕಂಪನಿಗಳು ಹೊಸಬರು ಐದು ವರ್ಷ ಕಾಯಬೇಕು ಎಂದವು. ಕೊನೆಗೆ ತಮ್ಮ ದೇಶದ್ದೇ ಒಂದು ಕಂಪನಿ, ಹೊರಗೆ ಹೋಗಿ ನೆಲೆಸಿದವರಿಗೆಂದೇ ಮಾಡಿದ ಪಾಲಿಸಿಯೊಂದನ್ನು ದಯಪಾಲಿಸಿತು. ನಲವತ್ತು ಪುಟದ ಆ ಪಾಲಿಸಿಯನ್ನು ರಾಯರು ಸ್ಕೇಲು, ಪೆನ್ಸಿಲು ಹಿಡಿದು ಮೂರು ಸಲ ಓದಿದ್ದರು. ಅದರ ತಿರುಳು ಇಷ್ಟೆ: ಮೊದಲ ನೂರ ಎಂಬತ್ತು ದಿನದೊಳಗೆ ಯಾವುದೇ ವೈದ್ಯರು ಕಾಗದದ ಮೇಲೆ ಬರೆದ ಕಾಯಿಲೆಯು ಹಳೆಯ ಕಾಯಿಲೆ ಎನಿಸಿಕೊಳ್ಳುತ್ತದೆ, ಹಳೆಯ ಕಾಯಿಲೆಗೆ ಕಂಪನಿ ಎಂದೆಂದಿಗೂ ಹೊಣೆಯಲ್ಲ. ಇವತ್ತು ನೂರ ಎಂಬತ್ತನೆಯ ದಿನ.

ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಇಂದಿನ ಚೌಕವೊಂದನ್ನು ಬಿಟ್ಟು ಹಿಂದಿನವಕ್ಕೆಲ್ಲ ಕಾಟು ಬಿದ್ದಿತ್ತು. ಪಕ್ಕದಲ್ಲೇ ಹೆಂಡತಿಯ ಹಳೆಯ ಗಡಿಯಾರ. ಬಂದಾಗಿನಿಂದ ಆಕೆ ಅದರ ಮುಳ್ಳು ತಿರುಗಿಸಿರಲಿಲ್ಲ. ಅದು ಇಲ್ಲಿಗಿಂತ ಹತ್ತು ಗಂಟೆ ಹಿಂದೆ, ತಮ್ಮ ದೇಶದಲ್ಲಿರುವ ಆಕೆಯ ಅಕ್ಕ ಎದ್ದಿದ್ದಾಳೋ ಮಲಗಿದ್ದಾಳೋ ತಿಳಿಯಲೆಂದೇ ಓಡುತ್ತಿತ್ತು. ಒಂದೇ ಮನೆಯಲ್ಲಿ ಎರಡು ಟೈಮು ಎಂಬುದು ರಾಯರ ವೃತ್ತಿಗೇ ಅವಮಾನ. 'ನಿಮ್ಮಕ್ಕನ ಗಡಿಯಾರ' ಎಂದು ಹಂಗಿಸುತ್ತ, ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

"ರೀ, ಡಾಕ್ಟ್ರ ಹತ್ರ ಹೋಗೋಣ. ನಂಗೆ ಭಯ ಆಗ್ತಿದೆ" ಎಂದಳು ಹೆಂಡತಿ.

"ಡಾಕ್ಟ್ರು ಹೆಸರಿಡೋ ತನಕ ಇದು ಕಾಯಿಲೆ ಅಲ್ಲ ಕಣೇ, ಬರೀ ನೋವು. ನಾಳೆ ಹೆಸರಿಟ್ರೆ ಕಂಪನಿ ನೋಡ್ಕೊಳ್ಳುತ್ತೆ. ಇವತ್ತು ಇಟ್ರೆ ನಾವು ಗಂಟುಮೂಟೆ ಕಟ್ಟಬೇಕು. ಕಟ್ಕೊಂಡು ಹೋಗೋದಾದ್ರೂ ಎಲ್ಲಿಗೆ? ಮನೆ ಮಾರಿದೀವಿ."

ಆಕೆ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಯರಿಗೆ ಪಕ್ಕೆಯ ನೋವಿಗಿಂತ ಅದೇ ಹೆಚ್ಚು ನೋಯಿಸಿತು.

ಹತ್ತು ಗಂಟೆಯ ಹೊತ್ತಿಗೆ ಕಟ್ಟಡದ ನಾಲ್ಕೂ ಮಹಡಿಗೆ ಸುದ್ದಿ ಮುಟ್ಟಿತ್ತು. ಮೊದಲು ಬಂದವನು ಮೇಲಿನ ಮಹಡಿಯ ವ್ಯಾನಿನವನು. ಹೋಟೆಲುಗಳ ಹಾಸಿಗೆಬಟ್ಟೆಯನ್ನು ಲಾಂಡ್ರಿಯಿಂದ ಒಯ್ದು ಹಂಚುವುದು ಅವನ ಕೆಲಸ. ಆಸ್ಪತ್ರೆಗೆ ಹೋಗಲು ವ್ಯಾನು ಚಾಲೂ ಮಾಡಿಟ್ಟೇ ಬಂದಿದ್ದೇನೆ ಎಂದ. ರಾಯರು ತಾನು ಗುಂಡುಕಲ್ಲಿನ ಹಾಗಿದ್ದೇನೆ ಎಂದು ಎದೆ ಉಬ್ಬಿಸಿ ತೋರಿಸಿದರು. ಹಾಗಿದ್ದರೆ ಒಳ್ಳೆಯದೇ ಆಯಿತು, ಹೊಸ ಬಟ್ಟೆಬೀರು ಕೆಳಗೆ ಬಂದಿದೆ, ಒಂದು ಕೈ ಹಾಕಿ ಎಂದ ವ್ಯಾನಿನವನು.

ಬೀರುವಿನ ಒಂದು ತುದಿ ರಾಯರ ಹೆಗಲೇರಿತು. ಮೊದಲ ಮಹಡಿಯ ತಿರುವಿನಲ್ಲಿ ನರ್ಸಮ್ಮ ಕೈಕಟ್ಟಿ ನಿಂತಿದ್ದರು. ಅವರಿಗೆ ಕಾಣುವಂತೆ ರಾಯರು ಮುಖದ ಮೇಲೊಂದು ನಗುವನ್ನು ಅಂಟಿಸಿಕೊಂಡರು, ಒಂದು ಹಾಡನ್ನೂ ಗುನುಗಿದರು. ಎರಡನೆಯ ಮಹಡಿಯಲ್ಲಿ ಹಾಡು ನರಳಾಟಕ್ಕೆ ತಿರುಗಿತು. ನಾಲ್ಕನೆಯ ಮಹಡಿಗೆ ಬೀರು ತಲುಪಿದಾಗ ರಾಯರ ಅಂಗಿ ಹಿಂಡಿದರೆ ಬಕೆಟ್ಟು ತುಂಬುವಂತಿತ್ತು. ಮೂಲೆಗಿಟ್ಟ ಬೀರುವಿನ ಬಾಗಿಲು ತೆಗೆದು, ಗಟ್ಟಿಯಾಗಿದೆಯೇ ನೋಡುವೆನೆಂದು ಒಳಗೆ ತಲೆಯಿಟ್ಟು, ಎರಡು ನಿಮಿಷ ಅಲ್ಲೇ ಬಾಗಿ ನಿಂತು ಅತ್ತರು. ಗಂಡಸು ಐವತ್ತಮೂರನೆಯ ವಯಸ್ಸಿನಲ್ಲಿ ಪರರ ಬೀರುವಿನೊಳಗೆ ಅಳಬೇಕಾಗಿ ಬಂದದ್ದು ಅವರಿಗೇ ನಾಚಿಕೆಯೆನಿಸಿತು.

ನರ್ಸಮ್ಮ ಇಷ್ಟಕ್ಕೆ ಬಗ್ಗುವವರಲ್ಲ. ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ, ತಾವು ಹಿಂದೆ ಕೆಲಸ ಕಲಿಸಿದ್ದ ಎಳೆಯ ಡಾಕ್ಟರೊಬ್ಬರನ್ನು ಕರೆದುಕೊಂಡು ಬಾಗಿಲಿಗೇ ಬಂದರು. ಡಾಕ್ಟರ ಕೈಯಲ್ಲಿ ಸ್ಟೆತಸ್ಕೋಪಿತ್ತು. ಅದಕ್ಕೆ ರಾಯರು ಹೆದರಲಿಲ್ಲ. ಜೇಬಿನಲ್ಲಿ ಪೆನ್ನಿತ್ತು, ಅದನ್ನು ಕಂಡು ನಡುಗಿದರು.

"ನೋಡಿ, ಆದ್ರೆ ಏನೂ ಬರೀಬೇಡಿ" ಎಂದು ಬಾಗಿಲ ಸಂದಿಯಿಂದಲೇ ಬೇಡಿಕೊಂಡರು.

"ನೋಡಿದ್ರೆ ಬರೀಲೇಬೇಕು ಸಾರ್. ನಮ್ಮ ರೂಲು" ಎಂದರು ಡಾಕ್ಟರು.

ಅಂಗಿ ಹಾಕಿಕೊಂಡು ಬರುವೆನೆಂದು ಒಳಗೆ ಹೋದ ರಾಯರು ಬಟ್ಟೆ ಒಣಹಾಕುವ ಹಿಂದಿನ ಬಾಲ್ಕನಿಯಿಂದ ಕಬ್ಬಿಣದ ಮೆಟ್ಟಿಲಿಳಿದು ಪರಾರಿಯಾದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ.

ಕಾಲು ತಾನಾಗಿಯೇ ರೈಲು ನಿಲ್ದಾಣಕ್ಕೆ ಕರೆದೊಯ್ದಿತು. ಎರಡನೆಯ ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ಮಡಚಿಕೊಂಡು ಕೂತರು. ಗಾಡಿಗಳು ಬಂದವು, ಹೋದವು. ನೋವೂ ಹಾಗೆಯೇ ಬಂತು, ಹೋಯಿತು. ಆದರೆ ಅದಕ್ಕೆ ಮಾತ್ರ ವೇಳಾಪಟ್ಟಿ ಇರಲಿಲ್ಲ. ಒಂದು ಸಲ ಕಣ್ಣು ಕತ್ತಲಿಟ್ಟಾಗ, ಇಲ್ಲೇ ಸತ್ತರೆ ಅದನ್ನಾದರೂ ಡಾಕ್ಟರು ಬರೆಯಲೇಬೇಕಲ್ಲ, ಇಂದಿನ ತಾರೀಖು ಹಾಕಿದರೆ ಹೆಂಡತಿಯ ಗತಿಯೇನು ಎಂದು ಯೋಚಿಸಿದರು. ಸ್ಟೇಷನ್ ಮಾಸ್ತರರು ಎರಡು ಬಾರಿ ಬಂದು ಆಂಬುಲೆನ್ಸು ಕರೆಯಲೇ ಎಂದು ಕೇಳಿದರು. ತಾನು ಧ್ಯಾನ ಮಾಡುತ್ತಿದ್ದೇನೆ ಎಂದು ರಾಯರು ಎರಡು ಬಾರಿಯೂ ಹೇಳಿದರು. ತಲೆಯ ಮೇಲೆ ನಿಲ್ದಾಣದ ದೊಡ್ಡ ಗಡಿಯಾರವಿತ್ತು. ಕೈಗಡಿಯಾರವನ್ನು ಅದರೊಡನೆ ತಾಳೆ ನೋಡಿದರು. ಒಂದು ಸೆಕೆಂಡೂ ಹೆಚ್ಚುಕಡಿಮೆ ಇರಲಿಲ್ಲ. ಇಡೀ ದಿನದಲ್ಲಿ ಅವರಿಗೆ ಸಮಾಧಾನವಾದದ್ದು ಆಗ ಮಾತ್ರ.

ಸಂಜೆ ಮನೆಗೆ ಬಂದಾಗ ನರ್ಸಮ್ಮ, ವ್ಯಾನಿನವನು ಇಬ್ಬರೂ ಒಳಗೆ ಕೂತಿದ್ದರು. ಹೆಂಡತಿ ತಡೆಯಲಾರದೆ ಪಾಲಿಸಿಯ ವಿಷಯವನ್ನೆಲ್ಲ ಬಾಯಿಬಿಟ್ಟಿದ್ದಳು. ನರ್ಸಮ್ಮನ ಮುಖ ಬಾಡಿತ್ತು.

"ಆಸ್ಪತ್ರೆ ಒಳಗೆ ಬಿಡಿ ಅಂತ ಅಳೋರನ್ನ ಎಷ್ಟೋ ಜನರನ್ನ ನೋಡಿದೀನಿ ಸಾರ್. ಕರೀಬೇಡಿ ಅಂತ ಓಡಿಹೋದೋರನ್ನ ಇವತ್ತೇ ನೋಡಿದ್ದು. ನಂಗೆ ಗೊತ್ತಿದ್ರೆ ಬಾಗಿಲೇ ತೆಗೀತಿರಲಿಲ್ಲ."

ಅಂದಿನಿಂದ, ಅಂದರೆ ಆ ಕ್ಷಣದಿಂದ, ನರ್ಸಮ್ಮ ರಾಯರ ಪಕ್ಷ. ಗಂಜಿ ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ನೋವು ತೀರಾ ಹೆಚ್ಚಾದರೆ ಮಾತ್ರ ಪಾಲಿಸಿಯನ್ನು ಗಾಳಿಗೆ ತೂರಿ ಹೊತ್ತೊಯ್ಯುವುದಾಗಿ ಎಚ್ಚರಿಸಿ, ಬೇರೆ ಯಾವ ಡಾಕ್ಟರೂ ಮೆಟ್ಟಿಲು ಹತ್ತದಂತೆ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ವ್ಯಾನಿನವನು ಬೆಳಿಗ್ಗೆ ತಾನೇ ಆಸ್ಪತ್ರೆಗೆ ಕರೆದೊಯ್ಯುವುದಾಗಿ ಹೇಳಿದ.

"ಹೋಟೆಲುಗಳಿಗೆ ಬಟ್ಟೆ ಹಂಚಿ ಬಂದ್ಬಿಡ್ತೀನಿ ಸಾರ್. ಹತ್ತೂವರೆಗೆ ಹೊರಡೋಣ."

ರಾಯರಿಗೆ ಮೈ ಉರಿಯಿತು. ಆಸ್ಪತ್ರೆಯ ಕೌಂಟರು ತೆರೆಯುವುದು ಆರಕ್ಕೆ. ಮೊದಲ ಟೋಕನ್ನು ತನ್ನದೇ ಆಗಬೇಕು. ನೂರ ಎಂಬತ್ತು ದಿನ ಕಾದವನು ಹತ್ತೂವರೆವರೆಗೆ ಏಕೆ ಕಾಯಲಿ ಎಂದು ಹಟ ಹಿಡಿದರು. ಪಾಪ, ವ್ಯಾನಿನವನು ಒಪ್ಪಿದ. ಬಟ್ಟೆ ತಡವಾದರೆ ಬೈಸಿಕೊಳ್ಳುವೆ ಬಿಡಿ ಎಂದ.

ಬೆಳಿಗ್ಗೆ ಐದೂವರೆಗೆ ವ್ಯಾನು ಹೊರಟಿತು. ಮುಂದೆ ರಾಯರು, ಹಿಂದೆ ಬಿಳಿಯ ಹೊದಿಕೆಗಳ ಮೂಟೆಗಳ ನಡುವೆ ಹೆಂಡತಿ ಮತ್ತು ನರ್ಸಮ್ಮ. ಆರು ಗಂಟೆ ಎರಡು ನಿಮಿಷಕ್ಕೆ ಮೊದಲ ಟೋಕನ್ನು ರಾಯರ ಕೈಯಲ್ಲಿತ್ತು. ಏಳಕ್ಕೆ ಸ್ಕ್ಯಾನ್ ಆಯಿತು. ಡಾಕ್ಟರು, ಅದೇ ನಿನ್ನೆಯ ಎಳೆಯ ಡಾಕ್ಟರು, ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ಪಿತ್ತಕೋಶದಲ್ಲಿ ಕಲ್ಲು, ಒಂದಲ್ಲ ಎರಡು. ಊತವೂ ಇದೆ, ಬೇಗ ಆಪರೇಷನ್ ಮಾಡದಿದ್ದರೆ ಅಪಾಯ ಎಂದರು.

"ಬರ್ಕೊಳ್ಳಿ ಡಾಕ್ಟ್ರೇ" ಎಂದರು ರಾಯರು, ಮುಖವರಳಿಸಿ. "ಈಗ ಬರ್ಕೊಳ್ಳಿ. ದೊಡ್ಡ ಅಕ್ಷರದಲ್ಲೇ ಬರೀರಿ."

ಏಳೂವರೆಗೆ ಕೌಂಟರಿನಾಕೆ ಆ ಕಾಗದವನ್ನು ಕಂಪ್ಯೂಟರಿನಲ್ಲಿ ವಿಮಾ ಕಂಪನಿಗೆ ಕಳಿಸಿ, ಫೋನು ಹಚ್ಚಿ ರಾಯರ ಕೈಗೆ ಕೊಟ್ಟಳು.

"ಗುಡ್ ಈವನಿಂಗ್ ಸಾರ್" ಎಂದಿತು ಒಂದು ಹುಡುಗಿಯ ದನಿ.

ಕಿಟಕಿಯಲ್ಲಿ ಎಳೆ ಬಿಸಿಲು. ಪಾಪ, ನಿದ್ದೆಗೆಟ್ಟಿದೆ ಹುಡುಗಿ ಎಂದುಕೊಂಡು ರಾಯರು ಕ್ಷಮಿಸಿದರು.

"ನಿಮ್ಮ ಕಾಗದ ಬಂತು ಸಾರ್. ಆದ್ರೆ ಇದು ಹಳೆ ಕಾಯಿಲೆ ಲೆಕ್ಕಕ್ಕೆ ಬರುತ್ತೆ."

"ಇಲ್ಲಮ್ಮ, ನೂರ ಎಂಬತ್ತು ದಿನ ನಿನ್ನೆಗೆ ಮುಗೀತು. ಇವತ್ತು ನೂರ ಎಂಬತ್ತೊಂದು."

"ಅಲ್ಲಿ ಮುಗಿದಿರಬಹುದು ಸಾರ್. ಇಲ್ಲಿ ಇನ್ನೂ ನಿಮ್ಮ ನಿನ್ನೆನೇ ನಡೀತಿದೆ. ರಾತ್ರಿ ಒಂಬತ್ತೂವರೆ. ಪಾಲಿಸಿ ದಿನ ಎಣಿಸೋದು ನಮ್ಮ ಆಫೀಸಿನ ಗಡಿಯಾರದ ಪ್ರಕಾರ. ಮೂವತ್ತೊಂದನೇ ಪುಟ ನೋಡಿ."

ರಾಯರು ಪುಟ ನೋಡಬೇಕಾಗಿರಲಿಲ್ಲ. ಆ ಸಾಲು ಕಣ್ಣಿಗೆ ಕಟ್ಟಿದಂತಿತ್ತು. ಗಾಡಿ ಎಲ್ಲೇ ಓಡಲಿ, ಲೆಕ್ಕಕ್ಕೆ ಒಂದೇ ಗಡಿಯಾರ ಇರಬೇಕು ಎಂದು ರೈಲ್ವೆಯಲ್ಲಿ ಜೀವಮಾನವಿಡೀ ವಾದಿಸಿದವರು ಅವರು. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ, 'ಒಳ್ಳೆಯ ನಿಯಮ' ಎಂದು ತಮ್ಮ ಕೈಯಾರೆ ಬರೆದಿದ್ದರು. ಅದು ತಮ್ಮ ದಿನದ ಲೆಕ್ಕಕ್ಕೂ ತಗಲುತ್ತದೆಂದು ಮಾತ್ರ ಹೊಳೆದಿರಲಿಲ್ಲ.

ಈ ಕಾಗದ ಹರಿದುಹಾಕಿ, ಎರಡೂವರೆ ಗಂಟೆ ಬಿಟ್ಟು ಇನ್ನೊಂದು ಕಳಿಸಬಹುದೇ ಎಂದು ತೊದಲಿದರು. ಕಾಯಿಲೆಯ ಹೆಸರು, ತಾರೀಖು, ಗಂಟೆ, ನಿಮಿಷ ಎಲ್ಲವೂ ಬಂದು ಕೂತಿದೆ, ಇನ್ನು ಅಳಿಸಲಾಗದು ಎಂದು ಹುಡುಗಿ ಬಹಳ ನಯವಾಗಿ ಹೇಳಿದಳು. ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ರಾಯರು ಬೇಡವೆಂದರು.

"ಸರಿ ಸಾರ್. ಗುಡ್ ನೈಟ್" ಎಂದು ಫೋನಿಟ್ಟಳು.

ಆಪರೇಷನ್ನಿಗೆ ಮುಂಗಡ ಕಟ್ಟಿದರೆ ಇವತ್ತೇ ಹಾಸಿಗೆ ಕೊಡುತ್ತೇವೆ ಎಂದಳು ಕೌಂಟರಿನಾಕೆ. ಇದ್ದುದನ್ನೆಲ್ಲ ಒಟ್ಟುಗೂಡಿಸಿದರೂ ಅದು ಸಾಲದೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ವ್ಯಾನಿನಲ್ಲಿ ವಾಪಸು ಬರುವಾಗ ಮನೆಯ ತಿರುವಿನಲ್ಲಿ ವ್ಯಾನಿನವನು, "ಹತ್ತೂವರೆಗೆ ಹೋಗೋಣ ಅಂದಿದ್ದೆ ಸಾರ್" ಎಂದ. ದೂರುವ ದನಿಯಲ್ಲಲ್ಲ, ತಾನೇ ತಪ್ಪು ಮಾಡಿದವನಂತೆ ಅಂದ.

ರಾಯರು ಅಡುಗೆಮನೆಗೆ ಹೋಗಿ ಕುರ್ಚಿ ಎಳೆದುಕೊಂಡು ಹೆಂಡತಿಯ ಗಡಿಯಾರದ ಎದುರು ಕೂತರು. ಅದನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ಹತ್ತು ಗಂಟೆ ತೋರಿಸುತ್ತಿತ್ತು. ನೂರ ಎಂಬತ್ತನೆಯ ದಿನ ಮುಗಿಯಲು ಇನ್ನೂ ಎರಡು ಗಂಟೆ ಬಾಕಿಯಿತ್ತು. ಹೆಂಡತಿ ಪಕ್ಕದಲ್ಲಿ ಬಂದು ನಿಂತು ಹೆಗಲ ಮೇಲೆ ಕೈಯಿಟ್ಟಳು. ಊರಿನಿಂದ ತಂದು ಅಟ್ಟದ ಮೇಲಿಟ್ಟಿದ್ದ ಪೆಟ್ಟಿಗೆಗಳನ್ನು ಆಕೆಯೂ ನೋಡಿದಳು, ಇವರೂ ನೋಡಿದರು.

ಅಷ್ಟರಲ್ಲಿ ಬಲಪಕ್ಕೆಯಲ್ಲಿ ಇಕ್ಕಳ ತಿರುಚಿತು. ರಾಯರು ಅಯ್ಯೋ ಎಂದರು. ಈ ಸಲ ಮೊದಲ ಮಹಡಿಗೆ ಕೇಳುವಷ್ಟು ಗಟ್ಟಿಯಾಗಿಯೇ ಎಂದರು. ಮುಚ್ಚಿಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.