ಆಸ್ಯಾ ಉಮ್ಮನ ಎಡಗೆನ್ನೆ

ಕಾರ್ಕಳದ ಸರ್ವೋತ್ತಮ ತೀರಿಕೊಂಡು ಮೂರು ತಿಂಗಳಾಯಿತು. ಹೋದವರನ್ನು ಹೊಗಳುವುದು ರೂಢಿ. ಆದರೆ ಅವನಿಗೆ ಹೊಗಳಿಕೆ ಕೇಳಿದರೆ ಕುತ್ತಿಗೆ ತುರಿಸುತ್ತಿತ್ತು. ಆದ್ದರಿಂದ ಮದುವೆ ಊಟದ ಪಂಕ್ತಿಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಸಿಕ್ಕಸಿಕ್ಕವರಿಗೆ ಅವನೇ ಹೇಳಿ ನಗುತ್ತಿದ್ದ, ಅವನ ಮಾನ ಹೋದ ಕತೆಯೊಂದನ್ನು ಇಲ್ಲಿ ಬರೆದಿಡುವುದು ವಾಸಿ. ಹೇಳಲು ಈಗ ಅವನಿಲ್ಲ.

ಹನ್ನೆರಡು ವರ್ಷ ಡಿಎಸ್‌ಎಲ್‌ಆರ್ ಕ್ಯಾಮೆರಾ ಹೆಗಲಿಗೇರಿಸಿ ಮನುಷ್ಯರ ಮುಖಗಳನ್ನಷ್ಟೇ ತೆಗೆದವನು ಸರ್ವೋತ್ತಮ. (ಹೂವು, ಹಕ್ಕಿ, ಸೂರ್ಯಾಸ್ತಗಳು ಅವನಿಗೆ ವರ್ಜ್ಯ.) ಅಂಥವನ ಮನೆಗೆ ಒಂದು ದಿನ ಮಿರರ್‌ಲೆಸ್ ಕ್ಯಾಮೆರಾದ ಶುಭಾಗಮನವಾಯಿತು.

"ಇದರೊಳಗೆ ಕನ್ನಡಿಯೇ ಇಲ್ಲ, ಗೊತ್ತುಂಟಾ?" ಎಂದ ಹೆಂಡತಿಗೆ.

"ಅಂಗಡಿಯವರು ಹಾಕಲು ಮರೆತರಾ?" ಎಂದಳು ಮನೋರಮಾ.

"ಅದೇ ಅದರ ಹೆಚ್ಚುಗಾರಿಕೆ ಮಾರಾಯ್ತಿ! ಹಳೆಯದರಲ್ಲಿ ಪ್ರತಿ ಫೋಟೋಕ್ಕೂ ಕನ್ನಡಿ ಎದ್ದು ಟಕ್ ಅಂತ ಹೊಡೆದುಕೊಳ್ತದೆ. ಇದು ಸದ್ದೇ ಮಾಡುವುದಿಲ್ಲ. ಎದುರು ಕೂತವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ."

"ಸದ್ದಿಲ್ಲದೆ ಕೆಲಸ ಮಾಡ್ತದೆ, ಬೇಕಾದದ್ದನ್ನು ತಾನೇ ಹುಡುಕಿಕೊಳ್ತದೆ," ಮನೋರಮಾ ಅವನ ಕಳೆದುಹೋಗಿದ್ದ ಕನ್ನಡಕವನ್ನು ಅವನ ಕೈಗೇ ಕೊಡುತ್ತಾ ಹೇಳಿದಳು, "ಗಂಡಂದಿರಲ್ಲಿ ಈ ಮಾಡೆಲ್ ಇನ್ನೂ ಬಂದಿಲ್ಲವಾ?"

ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ಎದುರಿನವರ ಮುಖದ ಮೇಲೆ ಬೆಳಕು ತಳ್ಳುವುದು ಹನ್ನೆರಡು ವರ್ಷದಿಂದ ಅವಳ ಕೆಲಸ. ಹಲಗೆಯನ್ನು ಯಾವ ಕಡೆಗೆ ಎಷ್ಟು ಓರೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸರ್ವೋತ್ತಮ ಹೇಳಿದರೆ ಮಾತ್ರ ತಪ್ಪಾಗುತ್ತಿತ್ತು.

ಹೊಸ ಕ್ಯಾಮೆರಾದ ಮೊದಲ ಕೆಲಸ ಕಾಪುವಿನಲ್ಲಿ ಸಿಕ್ಕಿತು. ಗೆಳೆಯ ನಿಯಾಝ್ ರಜೆಗೆಂದು ದುಬೈಯಿಂದ ಬಂದಿದ್ದ, ಮರುದಿನ ಹಿಂದಿರುಗುವವನು. ಅಲ್ಲಿನ ತನ್ನ ಕೋಣೆಯಲ್ಲಿ ಇಡಲು ಅವನಿಗೆ ತಾಯಿಯ ಒಂದು ಒಳ್ಳೆಯ ಫೋಟೋ ಬೇಕಿತ್ತು. ಎಪ್ಪತ್ತೆಂಟರ ಆಸ್ಯಾ ಉಮ್ಮ ಪಾಸ್‌ಪೋರ್ಟಿಗಲ್ಲದೆ ಬೇರೆ ಯಾವುದಕ್ಕೂ ಕ್ಯಾಮೆರಾದ ಮುಂದೆ ಕೂತವರಲ್ಲ. ಆ ಫೋಟೋ ನೋಡಿದರೆ ಅವರನ್ನು ಯಾರೋ ಬೆದರಿಸಿ ಕೂರಿಸಿದಂತಿತ್ತು.

"ಒಂದೇ ಸಲ ಕೂರುವುದು. ಮತ್ತೆ ಕೇಳಬಾರದು," ಎಂಬ ಷರತ್ತಿನ ಮೇಲೆ ಉಮ್ಮ ಒಪ್ಪಿದ್ದರು.

"ಸರ್ವೋತ್ತಮಣ್ಣ, ಹಾಳು ಮಾಡಬೇಡಿ," ಎಂದು ನಿಯಾಝ್ ಫೋನಿನಲ್ಲಿ ಎರಡು ಸಲ ಹೇಳಿದ್ದ.

"ಹಾಳು ಮಾಡಬೇಕೆಂದರೂ ಈ ಕ್ಯಾಮೆರಾದಲ್ಲಿ ಆಗುವುದಿಲ್ಲ ಮಾರಾಯ!"

ಹಳೆಯ ಕ್ಯಾಮೆರಾವೂ ಕಾರಿನಲ್ಲಿತ್ತು. ಕಾಪುವಿನಿಂದ ಮಣಿಪಾಲಕ್ಕೆ ಹೋಗಿ ಅದನ್ನು ಸುಕೇಶ್ ಎಂಬವನಿಗೆ ಕೊಟ್ಟುಬಿಡುವುದೆಂದು ಮಾತಾಗಿತ್ತು. ಅವನು ತೆಗೆದು ನೋಡಲಿ ಎಂದು ಬ್ಯಾಟರಿ, ಕಾರ್ಡು ಹಾಕಿ, ಎಲ್ಲವನ್ನೂ ಆಟೋ ಮೋಡ್‌ನಲ್ಲಿಟ್ಟು ಸಿದ್ಧ ಮಾಡಿದ್ದ.

ಉಮ್ಮ ಬಿಳಿ ತಲೆವಸ್ತ್ರ ಹೊದ್ದು ಜಗಲಿಯ ಕುರ್ಚಿಯಲ್ಲಿ ಕೂತರು. ಮನೋರಮಾ ಹಲಗೆ ಹಿಡಿದಳು. ಸರ್ವೋತ್ತಮ ಒತ್ತತೊಡಗಿದ. ಯಂತ್ರ ಹಸಿರು ಚೌಕವೊಂದನ್ನು ಉಮ್ಮನ ಕಣ್ಣಿನ ಮೇಲೆ ಕೂರಿಸಿ, ಅವರು ಅಲ್ಲಾಡಿದರೂ ಬಿಡದೆ ಹಿಂಬಾಲಿಸಿತು. ಅವನ ಮೈ ಜುಂ ಎಂದಿತು. ಐದು ನಿಮಿಷದಲ್ಲಿ ತೊಂಬತ್ತು ಫೋಟೋ.

ಉಮ್ಮ ಉಸಿರು ಬಿಗಿಹಿಡಿದು, ತುಟಿ ಕಚ್ಚಿ, ಭುಜ ಸೆಟೆದು ಕೂತೇ ಇದ್ದರು.

"ಶುರು ಮಾಡು ಮಗಾ. ಎಷ್ಟು ಹೊತ್ತು ಕಾಯುವುದು?"

"ತೆಗೀತಾ ಇದ್ದೇನೆ ಉಮ್ಮ. ತೊಂಬತ್ತು ಆಯಿತು."

"ಸುಳ್ಳು ಹೇಳಬೇಡ. ಕೆಟ್ಟುಹೋಗಿದ್ದರೆ ಹೇಳು, ನಾಚಿಕೆ ಎಂತದ್ದು?"

ಸರ್ವೋತ್ತಮನಿಗೆ ಆಗ ಹೊಳೆಯಿತು. ಹನ್ನೆರಡು ವರ್ಷದ ಅವನ ವಿದ್ಯೆಯೆಲ್ಲ ಆ ಟಕ್ ಎಂಬ ಸದ್ದಿನಲ್ಲಿತ್ತು. ಮೊದಲ ಟಕ್ ಬರೀ ನೆಪಕ್ಕೆ. ಅದು ಕೇಳಿಸಿದೊಡನೆ ಎದುರಿನವರು ಮುಗಿಯಿತೆಂದು ಉಸಿರು ಬಿಟ್ಟು, ತಮ್ಮ ಸ್ವಂತ ಮುಖಕ್ಕೆ ಮರಳುತ್ತಾರೆ. ಆಗ ಎರಡನೆಯದನ್ನು ತೆಗೆಯಬೇಕು. ಸದ್ದೇ ಇಲ್ಲದಿದ್ದರೆ ಮುಗಿಯುವುದೂ ಇಲ್ಲ, ಉಸಿರು ಬಿಡುವುದೂ ಇಲ್ಲ.

ಸದ್ದು ಬರಿಸುವ ದಾರಿ ಮೆನುವಿನಲ್ಲಿ ಎಲ್ಲೋ ಇರಲೇಬೇಕು. ಹುಡುಕಿದ. ಹದಿನಾಲ್ಕನೆಯ ಪುಟದಲ್ಲಿ ಏನನ್ನೋ ಒತ್ತಿದಾಗ ಅಕ್ಷರಗಳೆಲ್ಲ ಜಪಾನಿ ಭಾಷೆಗೆ ತಿರುಗಿದವು. ಅಲ್ಲಿಗೆ ಆ ದಾರಿ ಮುಚ್ಚಿತು.

"ಹಳೆಯದನ್ನು ನಾನು ಒತ್ತುತ್ತಾ ಇರುತ್ತೇನೆ, ಸದ್ದಿಗೆ," ಎಂದಳು ಮನೋರಮಾ. "ಫೋಟೋ ನೀವು ತೆಗೆಯಿರಿ."

ಎಂಥ ಬುದ್ಧಿ! ಹಲಗೆಯನ್ನು ಕಂಬಕ್ಕೆ ಒರಗಿಸಿ, ಅವಳು ಅವನ ಎಡಕ್ಕೆ ನಾಲ್ಕು ಹೆಜ್ಜೆ ದೂರ ನಿಂತು ಹಳೆಯ ಕ್ಯಾಮೆರಾ ಎತ್ತಿದಳು. ಟಕ್.

"ಹಾಂ! ಇದು ಕ್ಯಾಮೆರಾ," ಎಂದು ಉಮ್ಮ ಉಸಿರು ಬಿಟ್ಟರು. ಭುಜ ಇಳಿಯಿತು. "ಮಗಳೇ, ನಿನಗೆ ಮಕ್ಕಳೆಷ್ಟು?"

"ಒಬ್ಬಳೇ ಉಮ್ಮ, ದೀಕ್ಷಿತಾ. ಮಾತು ಕೇಳುವುದಿಲ್ಲ." ಟಕ್.

"ಈ ನಿಯಾಝ್ ಕೇಳ್ತಿದ್ದನಾ? ಮೀನು ತರಲು ಕಳಿಸಿದರೆ ಲೈಟ್‌ಹೌಸ್ ಹತ್ತಿ ಕೂತಿದ್ದ! ಮಸಾಲೆ ಅರೆದಿಟ್ಟು ನಾನು ಕಾದದ್ದೇ." ಟಕ್.

ಉಮ್ಮ ಅರಳುತ್ತಿದ್ದರು. ಹಸಿರು ಚೌಕ ಕಣ್ಣಿನಿಂದ ಕದಲಲಿಲ್ಲ. ಸರ್ವೋತ್ತಮ ಆ ಚೌಕವನ್ನಷ್ಟೇ ನೋಡುತ್ತಾ ಧನ್ಯನಾಗಿ ಒತ್ತಿದ್ದೇ ಒತ್ತಿದ್ದು. ಮುನ್ನೂರ ನಲವತ್ತು!

ನಿಯಾಝ್ ಲ್ಯಾಪ್‌ಟಾಪ್ ತಂದ. ಎಲ್ಲರೂ ಸುತ್ತ ನಿಂತರು. ಮೊದಲ ತೊಂಬತ್ತರಲ್ಲಿ ಉಮ್ಮ ಪಾಸ್‌ಪೋರ್ಟಿಗೆ ಕೂತವರು. ಉಳಿದ ಇನ್ನೂರ ಐವತ್ತರಲ್ಲಿ, ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ, ಉಮ್ಮನ ಎಡಗೆನ್ನೆ. ಸದ್ದು ಯಾವುದರಿಂದ ಬರುತ್ತಿತ್ತೋ ಆ ಕ್ಯಾಮೆರಾವನ್ನೇ ಅವರು ನೋಡುತ್ತಿದ್ದರು; ಬೇರೆ ಯಾರಾದರೂ ಇನ್ನೆಲ್ಲಿ ನೋಡಿಯಾರು? ಕಣ್ಣು ಎಲ್ಲಿದೆಯೆಂದು ಹೊಸ ಯಂತ್ರ ಹೇಳುತ್ತಿತ್ತು. ಆ ಕಣ್ಣು ಎಲ್ಲಿ ನೋಡುತ್ತಿದೆಯೆಂದು ಹೇಳುವುದು ಅದರ ಕೆಲಸವಲ್ಲ.

"ನಾನು ನೆರೆಮನೆಯವರ ಹತ್ತಿರ ಮಾತಾಡುವಾಗ ನೀನು ಬೇಲಿ ಹಿಂದಿನಿಂದ ತೆಗೆದ ಹಾಗೆ ಉಂಟಲ್ಲ ಮಗಾ," ಎಂದರು ಉಮ್ಮ.

"ಉಮ್ಮ, ಇನ್ನೊಂದು ಸಲ..." ಎಂದ ಸರ್ವೋತ್ತಮ.

"ಒಂದೇ ಸಲ ಅಂತ ಹೇಳಿದ್ದೆ."

ನಿಯಾಝ್ ಮತ್ತೆ ಮೊದಲಿನಿಂದ ಒಂದೊಂದೇ ಫೋಟೋ ನೋಡತೊಡಗಿದ. ಬೈದಿದ್ದರೆ ಸರ್ವೋತ್ತಮನಿಗೆ ಹಿತವಾಗುತ್ತಿತ್ತು. ಗೆಳೆಯನ ಮುಖ ನೋಡಲಾಗದೆ ಅವನು ನೆಲ ನೋಡಿದ.

"ಇದರಲ್ಲಿ ಏನಾದರೂ ಬಿದ್ದಿದೆಯಾ ನೋಡಿ," ಎಂದು ಮನೋರಮಾ ಹಳೆಯ ಕ್ಯಾಮೆರಾದ ಕಾರ್ಡು ತೆಗೆದುಕೊಟ್ಟಳು.

ಹನ್ನೊಂದು ಫೋಟೋಗಳಿದ್ದವು. ಏಳನೆಯದರಲ್ಲಿ ನಿಯಾಝನ ಕೈ ನಿಂತುಹೋಯಿತು. ಮಗನ ಲೈಟ್‌ಹೌಸ್ ಪ್ರತಾಪ ಹೇಳಿ ಮುಗಿಸಿ, ಅವನ ಮೇಲೆ ಸಿಟ್ಟು ಮಾಡಲು ನೋಡಿ, ಆಗದೆ ಸೋತ ಮುಖ. ಹಲಗೆಯನ್ನು ಕಂಬಕ್ಕೆ ಒರಗಿಸುವಾಗಲೂ ಮನೋರಮಾ ಅದನ್ನು ಸರಿಯಾದ ಓರೆಗೇ ಇಟ್ಟಿದ್ದಳು. ಬೆಳಕು ಉಮ್ಮನ ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಇಳಿದಿತ್ತು. ಹನ್ನೆರಡು ವರ್ಷದಲ್ಲಿ ಸರ್ವೋತ್ತಮನಿಗೆ ಅಂಥದ್ದು ನಾಲ್ಕೋ ಐದೋ ಬಿದ್ದಿರಬಹುದು.

"ಇದು ನನ್ನ ಉಮ್ಮ," ಎಂದ ನಿಯಾಝ್. ಮತ್ತೆ ಸರ್ವೋತ್ತಮನ ಕೈ ಹಿಡಿದು, "ಭಾರೀ ಉಪಕಾರವಾಯಿತು ಸರ್ವೋತ್ತಮಣ್ಣ," ಎಂದ.

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಮನೋರಮಾಳೂ ಬಾಯಿ ಬಿಡುತ್ತಿರಲಿಲ್ಲ.

"ನನ್ನ ಕೈ ಬಿಡು ಮಾರಾಯ. ತೆಗೆದದ್ದು ಅವಳು," ಎಂದ ಸರ್ವೋತ್ತಮ.

"ಹಾಗಾದರೆ ನೀನು ಅಷ್ಟು ಹೊತ್ತು ಎಂತ ಮಾಡುತ್ತಿದ್ದೆ?" ಎಂದು ಉಮ್ಮ ನಿಜವಾದ ಕುತೂಹಲದಿಂದ ಕೇಳಿದರು.

ಮಣಿಪಾಲಕ್ಕೆ ಹೋಗಲಿಲ್ಲ. ಸುಕೇಶನಿಗೆ ಫೋನು ಮಾಡಿ, ಕ್ಯಾಮೆರಾ ಕೊಡಲಾಗುವುದಿಲ್ಲ, ಅದು ಹೆಂಡತಿಯದು ಎಂದು ಈಗಷ್ಟೇ ಗೊತ್ತಾಯಿತು ಎಂದ.

ವಾರ ಕಳೆಯುವುದರೊಳಗೆ ಉಮ್ಮನ ಫೋಟೋ ಊರೆಲ್ಲ ಫಾರ್ವರ್ಡ್ ಆಗಿ, ಕಲ್ಯಾಣಪುರದಿಂದ ಸೆಲೀನ್ ಬಾಯಿಯ ಕರೆ ಬಂತು. ಅವರ ಅಮ್ಮನದೂ ಒಂದು ತೆಗೆಯಬೇಕಂತೆ. ಸರ್ವೋತ್ತಮ ಹುಮ್ಮಸ್ಸಿನಿಂದ ದಿನ ಗೊತ್ತು ಮಾಡಿದ.

"ಮೇಡಂ ಬಂದರೆ ಸಾಕು," ಎಂದರು ಸೆಲೀನ್ ಬಾಯಿ. "ಗಂಡಸರಿದ್ದರೆ ಅಮ್ಮ ಮಾತಾಡುವುದಿಲ್ಲ."

"ಮೇಡಮ್ಮನಿಗೆ ಕಾರು ಬಿಡಲು ಬರುವುದಿಲ್ಲವಲ್ಲ?"

"ಹೌದಾ? ಹಾಗಾದರೆ ನೀವು ಗೇಟಿನ ಹತ್ತಿರ ನಿಲ್ಲಬಹುದು."

ಎರಡು ಗಂಟೆ ನಿಂತ. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು.

"ಬೇಸರವಾಗಲಿಲ್ಲವಾ?" ಎಂದು ಯಾರಾದರೂ ಕೇಳಿದರೆ ಸರ್ವೋತ್ತಮ ಹೇಳುತ್ತಿದ್ದ: "ಎಂತ ಬೇಸರ ಮಾರಾಯ! ಆ ಗೇಟಿನ ಹತ್ತಿರ ಎಂಥಾ ಬೆಳಕಿತ್ತು ಗೊತ್ತುಂಟಾ?"