ಕೆರಗೋಡಿಗೆ ಬಂದ ಆಕಾಶದ ನೆಂಟರು

ಮಂಡ್ಯದಲ್ಲಿ ಕೂತು ವೈಜ್ಞಾನಿಕ ಕಾದಂಬರಿ ಬರೆದರೆ, ಅಚ್ಚಾಗುವ ತನಕ ಮಾತ್ರ ಅದು ನಮ್ಮದು. ಆಮೇಲೆ ತರಕಾರಿ ಮಾರ್ಕೆಟ್ಟಿಗೆ ಹೋದರೂ ಸೊಪ್ಪಿನ ಜೊತೆ ಒಂದು ವಿಮರ್ಶೆ ಚೀಲಕ್ಕೆ ಬಿದ್ದೇ ಬೀಳುತ್ತದೆ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ನನ್ನ ಕಾದಂಬರಿಯ ಹೆಸರು ‘ನೆಂಟರು ಇಳಿದ ಗದ್ದೆ’. ಬೇರೊಂದು ನಕ್ಷತ್ರದ ಕಡೆಯಿಂದ ನೌಕೆಯೊಂದು ಬಂದು ಕೆರಗೋಡಿನ ಕಬ್ಬಿನ ಗದ್ದೆಯಲ್ಲಿ ಇಳಿಯುತ್ತದೆ. ಬಂದವರು ಏಳಡಿ ಎತ್ತರ. ಬಾಯಿ ಇಲ್ಲ. ಬೆಳಕನ್ನೇ ಹೀರಿಕೊಂಡು ಬದುಕುತ್ತಾರೆ, ಮೈಬಣ್ಣ ಬದಲಿಸಿ ಮಾತಾಡುತ್ತಾರೆ. ಊರಿನ ಶಾಲೆಯ ಟೀಚರೊಬ್ಬಳು ಅವರ ಭಾಷೆ ಕಲಿಯುತ್ತಾಳೆ. ಕೊನೆಗೆ, ಬರುತ್ತೇವೆ ಅಂದ ಕೆಲವರನ್ನು ಹತ್ತಿಸಿಕೊಂಡು ನೌಕೆ ಹೊರಟುಹೋಗುತ್ತದೆ. ತನ್ನಂತಿಲ್ಲದವರನ್ನು ಮೊದಲ ಸಲ ಕಂಡಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದು ನನ್ನ ಪ್ರಶ್ನೆಯಾಗಿತ್ತು. ಉತ್ತರಕ್ಕಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆ. ಓದುಗರನ್ನು ಮೊದಲೇ ಮಾತಾಡಿಸಿದ್ದರೆ ಬರೆಯುವ ಶ್ರಮವೇ ಉಳಿಯುತ್ತಿತ್ತು.

ಬಿಡುಗಡೆ

ಪುಸ್ತಕ ಬಿಡುಗಡೆಗೆ ಊರಿನ ಹಿರಿಯ ಸಾಹಿತಿಯೊಬ್ಬರನ್ನು ಕರೆದಿದ್ದೆವು. ಅವರು ಸಭೆಯಲ್ಲಿ ಶಾಲು ಹೊದ್ದು ಕೂತರೆ ಅರ್ಧ ಸಭೆಗೆ ಭಯ, ಇನ್ನರ್ಧಕ್ಕೆ ನಿದ್ದೆ. ಮೈಕು ಹಿಡಿದವರೇ, “ಇದು ನಮ್ಮ ಮಣ್ಣಿನ ಕತೆ” ಎಂದು ಶುರು ಮಾಡಿದರು. ಖುಷಿಯಾಯಿತು. ನೆಂಟರಿಷ್ಟರು ಎಂದರೆ ಹಿಂದೆ ಹೇಗಿದ್ದರು, ಈಗ ಹೇಗಾಗಿದ್ದಾರೆ, ಅಣ್ಣತಮ್ಮಂದಿರು ಗದ್ದೆಗಾಗಿ ಕೋರ್ಟಿಗೆ ಹೋಗುವುದು ಎಷ್ಟು ಅನ್ಯಾಯ ಎಂದು ಮುಕ್ಕಾಲು ಗಂಟೆ ಮಾತಾಡಿ ಕಣ್ಣೊರೆಸಿಕೊಂಡರು. ಸಭೆಯೂ ಒರೆಸಿಕೊಂಡಿತು. ನೌಕೆಯ ಸುದ್ದಿಯೇ ಇಲ್ಲ.

ಭಾಷಣ ಮುಗಿಸಿ ನನ್ನ ಪಕ್ಕ ಬಂದು ಕೂತರು. ಕಿವಿಯ ಹತ್ತಿರ ಬಗ್ಗಿ, “ಮೇಡಂ, ಬಿಡುವಾಗಲಿಲ್ಲ, ಕೊನೆ ಭಾಗ ಒಂದು ಓದೋದು ಬಾಕಿ. ಆ ಗದ್ದೆ ಕಡೆಗೆ ಯಾರ ಪಾಲಿಗೆ ಬಂತು?” ಅಂದರು.

ಕೆರಗೋಡಿನ ಯಜಮಾನರು

ಮದುವೆಯೊಂದಕ್ಕೆ ಕೆರಗೋಡಿಗೆ ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಎದುರಿಗೆ ವಯಸ್ಸಾದ ರೈತರೊಬ್ಬರು ಕೂತಿದ್ದರು. ನನ್ನನ್ನೇ ದಿಟ್ಟಿಸಿ ನೋಡಿ, “ನಮ್ಮೂರ ಮೇಲೆ ಪುಸ್ತಕ ಬರ್ದೋರು ನೀವೇ ಅಲ್ವಾ?” ಅಂದರು. ಹೌದು ಅಂದೆ.

“ಪೂರ್ತಿ ಓದ್ದೆ ಕಣವ್ವ. ಬೇಜಾರಾಯ್ತು.”

ಭಾಷೆ ಕಷ್ಟವಾಯಿತೇನೋ ಎಂದುಕೊಂಡೆ. ಅದಲ್ಲವಂತೆ.

“ಅಷ್ಟು ದೂರದಿಂದ ಬಂದವ್ರೆ. ಪೋಲೀಸ್ನೋರು ಬಂದ್ರು, ಟಿ.ವಿ.ಯೋರು ಬಂದ್ರು, ಮಂತ್ರಿ ಬಂದ. ಒಬ್ರಾದ್ರೂ ಊಟ ಮಾಡ್ಕಂಡು ಓಗಿ ಅನ್ನಲಿಲ್ವಲ್ಲ. ನಮ್ಮೂರ ಜನ ಅಂಗಾ?”

“ಅವರಿಗೆ ಬಾಯೇ ಇಲ್ಲ ಯಜಮಾನ್ರೇ. ಎರಡನೇ ಅಧ್ಯಾಯದಲ್ಲೇ ಬರೆದಿದ್ದೀನಿ.”

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ಅವ್ರಿಗೆ ಇಲ್ದಿದ್ರೆ ಬುಡಿ. ಕೇಳಕ್ಕೆ ನಿಮ್ಗೆ ಇತ್ತಲ್ಲ.”

ಯಾವ ಜನ

ನಮ್ಮ ಬೀದಿಯಲ್ಲಿ ನಿವೃತ್ತ ಹೆಡ್‌ಮಾಸ್ಟರೊಬ್ಬರಿದ್ದಾರೆ. ಮಡಿ ಜಾಸ್ತಿ. ಅರ್ಧ ಪುಸ್ತಕ ಓದಿ ನನ್ನನ್ನು ಗೇಟಿನ ಹತ್ತಿರ ತಡೆದು ನಿಲ್ಲಿಸಿದರು. “ಕಲ್ಪನೆ ಚೆನ್ನಾಗಿದೆ. ಅವರ ಆಹಾರ ಪದ್ಧತಿ ಏನು ಅಂದಿರಿ?”

“ಬೆಳಕು ಸಾರ್.”

“ಮೊಟ್ಟೆ ಕೂಡ ಇಲ್ಲ?”

“ಇಲ್ಲ.”

ಅವರ ಮುಖ ಅರಳಿತು. “ಹಾಗಾದ್ರೆ ನಮ್ಮವರೇ ಅನ್ನಿ.”

ಎದುರು ಮನೆಯವರು ಜಮೀನಿರುವ ಭಾರಿ ಕುಳ. ಅವರೂ ಅರ್ಧಕ್ಕೆ ಬಂದಿದ್ದರು. ಸಂಜೆ ವಾಕಿಂಗಿನಲ್ಲಿ ಸಿಕ್ಕಿ, “ಏಳಡಿ ಆಳು, ಇಳಿದಿದ್ದು ಗದ್ದೆಗೆ, ಯಾರಿಗೂ ತಲೆ ಬಗ್ಗಿಸಲ್ಲ. ಬಾಯಿ ಬಿಟ್ಟು ಹೇಳ್ಬೇಕಾ ಮೇಡಂ, ನಮ್ಮೋರು ಕಣಿ” ಅಂದರು. ವಾರವಿಡೀ ಇಬ್ಬರೂ ನನ್ನನ್ನು ಕಂಡಾಗಲೆಲ್ಲ ಸಂಬಂಧಿಕರ ಹಾಗೆ ನಗುತ್ತಿದ್ದರು.

ಆಮೇಲೆ ಇಬ್ಬರೂ ಹನ್ನೆರಡನೇ ಅಧ್ಯಾಯಕ್ಕೆ ಬಂದರು. ನೌಕೆಯವರು ಮೊದಲ ಸಲ ಒಂದು ಮನೆಯೊಳಗೆ ಕಾಲಿಡುವುದು ಅಲ್ಲಿ. ಆ ಮನೆ ಊರಾಚೆಯ ಕಾಲೋನಿಯಲ್ಲಿದೆ. ಟೀಚರಮ್ಮ ಅಲ್ಲಿಯವಳೇ.

ಮಾರನೇ ದಿನ ಹೆಡ್‌ಮಾಸ್ಟರು ಗೇಟಿನ ಹತ್ತಿರ ನಿಲ್ಲಲಿಲ್ಲ. ನಾನೇ ಹೋಗಿ ಕೇಳಿದೆ. “ಕಟ್ಟುಕತೆ ತಾನೇ, ಬಿಡಿ. ಬೇರೆ ಗ್ರಹದಲ್ಲಿ ಯಾರೂ ಇಲ್ಲ ಅಂತ ವಿಜ್ಞಾನವೇ ಹೇಳುತ್ತೆ” ಅಂದರು. ಎದುರು ಮನೆಯವರೂ ಅದನ್ನೇ ಹೇಳಿದರು. ಆ ಇಬ್ಬರು ಒಂದು ವಿಷಯಕ್ಕೆ ಒಪ್ಪಿದ್ದನ್ನು ನಮ್ಮ ಬೀದಿ ಅದೇ ಮೊದಲ ಸಲ ಕಂಡಿದ್ದು.

ಮದ್ದೂರಿನ ಓದುಕೂಟ

ಮದ್ದೂರಿನ ಮಹಿಳೆಯರ ಓದುಕೂಟವೊಂದು ಸಂವಾದಕ್ಕೆ ಕರೆಯಿತು. ಭಾಷೆಯ ಬಗ್ಗೆ, ಕಾಲದ ಬಗ್ಗೆ ಪ್ರಶ್ನೆ ಬರಬಹುದೆಂದು ಓದಿಕೊಂಡು ಹೋದೆ. ಮೊದಲ ಪ್ರಶ್ನೆಯೇ, “ಟೀಚರಮ್ಮಂಗೆ ಮದುವೆ ಯಾಕೆ ಮಾಡ್ಲಿಲ್ಲ?”

ಕತೆಗೆ ಬೇಕಿರಲಿಲ್ಲ ಅಂದೆ. ಒಬ್ಬರೂ ಒಪ್ಪಲಿಲ್ಲ. ನೌಕೆಯವನ ಜೊತೆಗೇ ಆಗಬಹುದಿತ್ತು ಅಂತ ಒಬ್ಬರು. ಬಾಯಿಲ್ಲದವನ ಜೊತೆ ಸಂಸಾರ ಹೇಗೆ ಅಂತ ಇನ್ನೊಬ್ಬರು. ಬಾಯಿರುವವರ ಜೊತೆ ಮಾಡಿ ಏನು ಕಂಡಿದ್ದೀವಿ ಅಂತ ಮೂಲೆಯಿಂದ ಯಾರೋ. ಗಲಾಟೆ ಜೋರಾಯಿತು. ಕೊನೆಗೆ ಕೂಟದ ಅಧ್ಯಕ್ಷೆ ಎದ್ದು ತೀರ್ಪು ಕೊಟ್ಟರು.

“ಅಡುಗೆ ಕೇಳಲ್ಲ, ಎದುರು ಮಾತಾಡಲ್ಲ, ಅತ್ತೆ ಬೇರೆ ನಕ್ಷತ್ರದಲ್ಲವ್ಳೆ. ಇಂಥ ಗಂಡನ್ನ ಕೈಬಿಟ್ರಲ್ಲ, ನೀವೆಂಥ ಲೇಖಕಿ ಕಣಮ್ಮ?”

ಮಳವಳ್ಳಿಯವರು

ಒಂದು ಭಾನುವಾರ ಬೆಳಿಗ್ಗೆ ಬಿಳಿ ಶರ್ಟಿನ ಮೂವರು ಮನೆಗೆ ಬಂದರು. ಮಳವಳ್ಳಿ ತಾಲೂಕಿನ ಪೂರಿಗಾಲಿಯವರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮುಖಂಡರಂತಿದ್ದವರು ಗಂಟಲು ಸರಿ ಮಾಡಿಕೊಂಡರು.

“ಮೇಡಂ, ನೌಕೆನ ಮಂಡ್ಯ ತಾಲೂಕಿಗೇ ಯಾಕೆ ಇಳಿಸಿದ್ರಿ?”

“ಸುಮ್ಮನೆ. ಅದು ಕಾದಂಬರಿ.”

“ರೈಲು ಮಂಡ್ಯಕ್ಕೆ, ಮದ್ದೂರಿಗೆ. ಎಕ್ಸ್‌ಪ್ರೆಸ್ ರೋಡೂ ಅವ್ರಿಗೇ. ನಮ್ಮ ಮಳವಳ್ಳಿಗೆ ರೈಲು ಬತ್ತದೆ ಬತ್ತದೆ ಅಂತ ನಮ್ಮಪ್ಪನ ಕಾಲ್ದಿಂದ ಕೇಳ್ತಾ ಇವ್ನಿ. ನಿಜವಾಗ್ಲೂ ಕೊಡಲ್ಲ, ಆಗ್ಲಿ. ಕಾದಂಬರೀಲೂ ಕೊಡಲ್ವಾ?”

ಮರುಮುದ್ರಣ ಆಗುವುದಿತ್ತು. ವಾಪಸ್ ಹೋಗುವಾಗ ನೌಕೆ ಪೂರಿಗಾಲಿಯ ಮೇಲೆ ಹಾದುಹೋಗುವ ಹಾಗೆ ಬರೆಯುತ್ತೇನೆ ಅಂದೆ.

“ಮೇಲ್ಗಡೆ ಆರ್ಕಂಡೋದ್ರೆ ಏನ್ ಬಂತು? ಇಮಾನನೂ ದಿನಾ ಓಯ್ತವೆ. ಸ್ಟಾಪ್ ಕೊಡಿ.”

ಕೊಟ್ಟೆ. ನೌಕೆ ಕೆರಗೋಡಿನಿಂದ ಎದ್ದು, ಪೂರಿಗಾಲಿಯ ಬಯಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ನಕ್ಷತ್ರಗಳ ಕಡೆ ಹೊರಟಿತು ಎಂದು ಸೇರಿಸಿದೆ. ಒಬ್ಬರು ವಿಮರ್ಶಕರು ಆ ನಿಲುಗಡೆಯನ್ನು ಮನುಷ್ಯಕುಲಕ್ಕೆ ಹೇಳಿದ ಕೊನೆಯ ವಿದಾಯ ಎಂದು ಬಹಳ ಹೊಗಳಿದರು. ಹೊಸ ಮುದ್ರಣದ ಒಂದು ಪ್ರತಿಯನ್ನು ಪೂರಿಗಾಲಿಗೂ ಕಳಿಸಿದೆ.

ವಾರ ಕಳೆದು ಮುಖಂಡರು ಫೋನ್ ಮಾಡಿದರು. “ಓದ್ದೋ ಮೇಡಂ. ನಿಲ್ಸಿದ್ದೀರ, ಸಂತೋಸ. ಆದ್ರೆ ಅದು ನಮ್ಮೂರಿಗೆ ಬರೋ ಒತ್ಗೆ ಕೆರಗೋಡ್ನೋರೆಲ್ಲ ಅತ್ತಿ ಕೂತವ್ರಲ್ಲ.”

“ಅದಕ್ಕೆ?”

“ಇನ್ನೊಂದ್ಸಲ ಅಚ್ಚಾಗುವಾಗ ನಮ್ಮೂರಿಂದ್ಲೇ ಒರಡ್ಸಿ. ಕಾಲಿ ಇರ್ತದೆ, ಕಿಟಕಿ ಪಕ್ಕ ಸೀಟು ಸಿಕ್ತದೆ.”