ಆರು ಡಬ್ಬಿಯ ರೈಲು ಮತ್ತು ನಾನು ಹೆಣ್ಣು ನೋಡಿದ್ದು

ರೈಲಿನ ಹುಚ್ಚು ರೈಲಿರುವ ಊರಿನವರಿಗೆ ಹಿಡಿಯುವುದಿಲ್ಲ ಎಂದು ನನ್ನ ನಂಬಿಕೆ. ನಮ್ಮ ಕೂಡ್ಲಿಗಿಯಲ್ಲಿ ಹಳಿ ಇಲ್ಲ, ಸ್ಟೇಷನ್ ಇಲ್ಲ. ಹಾಗಾಗಿ ನನಗೆ ಹಿಡಿದದ್ದು ಬಿಡಲೇ ಇಲ್ಲ. ಹೈಸ್ಕೂಲಿನಲ್ಲಿದ್ದಾಗ ಕೊಟ್ಟೂರಿನವರೆಗೆ ಸೈಕಲ್ ತುಳಿದು, ರೈಲು ನೋಡಿ, ಬರೀ ನೋಡಿ, ತಿರುಗಿ ಬರುತ್ತಿದ್ದೆ. ಹತ್ತಿ ಹೋಗುವಂಥ ಕೆಲಸ ನನಗೆ ಎಲ್ಲಿಯೂ ಇರಲಿಲ್ಲ. ಮೇಷ್ಟ್ರಾದ ಮೇಲೂ ರೈಲ್ವೆ ವೇಳಾಪಟ್ಟಿಯನ್ನು ಕಾದಂಬರಿಯಂತೆ ಕೂತು ಓದುತ್ತಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ ಸೋದರಮಾವ ಕೊಟ್ಟೂರಿನಲ್ಲೊಂದು ಹೆಣ್ಣು ಗೊತ್ತುಮಾಡಿದರು. ಓದು, ಮನೆತನ, ಗುಣ ಎಲ್ಲ ವಿವರಿಸಿದರು. ನನ್ನ ಕಿವಿಗೆ ಬಿದ್ದದ್ದು ‘ಹಳಿ ಪಕ್ಕದ ಮನಿ’ ಎಂಬುದೊಂದೇ. ಹೊರಟೇಬಿಟ್ಟೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗಿನಿಂದ ಬರುವುದಕ್ಕೂ ಹೊಸಪೇಟೆ ಪ್ಯಾಸೆಂಜರ್ ಕೂಗುವುದಕ್ಕೂ ಸರಿಹೋಯಿತು. ಎದ್ದು ಕಿಟಕಿಗೆ ಹೋದವನು ಕೊನೆಯ ಡಬ್ಬಿ ಮರೆಯಾದ ಮೇಲೆಯೇ ತಿರುಗಿದ್ದು. ಅಷ್ಟರಲ್ಲಿ ಆಕೆ ತಟ್ಟೆ ಇಟ್ಟು ಒಳಗೆ ಹೋಗಿಯಾಗಿತ್ತು.

“ನೋಡಿದ್ರೇನ್ರಿ?” ಎಂದರು ಹುಡುಗಿಯ ತಂದೆ.

“ನೋಡಿದ್ನಿರೀ. ಆರು ಡಬ್ಬಿ ಅದಾವು” ಎಂದೆ.

ಸೋದರಮಾವನ ಮುಖ ಕಪ್ಪಿಟ್ಟಿತು. “ಲೇ, ಈ ಸಂಬಂಧನೂ ತಪ್ಪಿತಂದ್ರ ನಾನು ಇನ್ನೊಂದು ಮನಿ ಹೊಸ್ತಿಲ ತುಳಿಯಂಗಿಲ್ಲ ನೋಡು” ಎಂದು ಕಿವಿಯ ಹತ್ತಿರ ಹಲ್ಲು ಕಡಿದರು. ಆಗಲೇ ನಾಲ್ಕು ಕಡೆ ತಪ್ಪಿತ್ತು. ಹುಡುಗಿಯನ್ನು ಇನ್ನೊಮ್ಮೆ ಕರೆಸಿ ಎನ್ನಲು ನಾಚಿಕೆಯಾಗಿ, ಮುಖ ನೋಡದೆಯೇ ಒಪ್ಪಿಗೆ ಎಂದುಬಿಟ್ಟೆ. ಅವರ ಉತ್ತರ ಬರುವ ತನಕ ಎಂಟು ದಿನ ಊಟ ಸೇರಲಿಲ್ಲ. ಅವರೂ ಒಪ್ಪಿದರು. ನನ್ನ ವಿದ್ಯೆ, ಗಾಂಭೀರ್ಯ ಮೆಚ್ಚಿ ಒಪ್ಪಿರಬೇಕೆಂದು ಮದುವೆಯಾದ ಮೇಲೂ ಬಹಳ ದಿನ ಬೀಗಿದೆ.

ಕೆಲವು ವರ್ಷಗಳಲ್ಲಿ ಹಳಿ ಅಗಲ ಮಾಡುವ ಸಲುವಾಗಿ ಆ ಪ್ಯಾಸೆಂಜರ್ ನಿಂತಿತು. ನನಗೆ ನಿಜವಾಗಿ ಸಂಕಟವಾಯಿತು. ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಪಕ್ಕ ಕೂತು, “ಪಾಪ, ರೈಲಿನ ಸದ್ದಿನಾಗ ಬೆಳೆದಾಕಿ ನೀನು. ಎಷ್ಟು ಬ್ಯಾಸರ ಆಗಿರಬೇಕು” ಎಂದು ಸಮಾಧಾನ ಮಾಡಹೋದೆ.

“ಬ್ಯಾಸರ ಯಾಕ್ರಿ? ಒಣಹಾಕಿದ ಬಟ್ಟಿ ಮ್ಯಾಲೆಲ್ಲ ಮಸಿ, ಮನ್ಯಾಗ ಒಬ್ರ ಮಾತು ಒಬ್ರಿಗೆ ಕೇಳಂಗಿಲ್ಲ. ಸಾಕಾಗಿ ಹೋಗಿತ್ತು. ಅವತ್ತು ನನಗ ಕಂಡಿದ್ದು ನಿಮ್ಮ ಬೆನ್ನಷ್ಟ. ಅಪ್ಪ ಒಪ್ಪಿಗೇನಾ ಅಂದ. ಕೂಡ್ಲಿಗಿಗೆ ರೈಲು ಐತೇನು ಅಂತ ಕೇಳಿದೆ. ಇಲ್ಲ ಅಂದ. ಹ್ಞೂಂ ಅಂದೆ.”

ನಮ್ಮೂರಿಗೆ ರೈಲು ಬೇಕೆಂದು ಮದುವೆಗೆ ಮುಂಚೆ ನಾನು ಬರೆದ ಅರ್ಜಿಗಳನ್ನೆಲ್ಲ ಓದದೆ ಮೂಲೆಗೆಸೆದ ಸರ್ಕಾರಕ್ಕೆ, ಅಂದು ಮೊದಲ ಬಾರಿ ಮನಸ್ಸಿನಲ್ಲೇ ಕೈಮುಗಿದೆ.